ಎರಡು ಕಾರ್ಡು, ಒಂದೇ ನೀರು

ಕಂಪ್ಯೂಟರಿನ ಹೊಟ್ಟೆಯೊಳಗೆ ನೀರು ಹರಿಸುತ್ತೇನೆ ಎಂದು ಹೇಳಿದಾಗ ಅಪ್ಪ ಮೊದಲು ನನ್ನ ಮುಖ ನೋಡಿದ, ಆಮೇಲೆ ಅಮ್ಮನ ಮುಖ ನೋಡಿದ. ತದಡಿ ಬಂದರಿನಲ್ಲಿ ನಲವತ್ತು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದವನು ಅವನು. ನೀರು ಎಲ್ಲಿರಬೇಕು, ಕರೆಂಟು ಎಲ್ಲಿರಬೇಕು ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ನಿಂಗೆ ಎಂತ ಆತು?" ಎಂದು ಕೇಳಿದ.

"ಬಿಸಿಯಾಗ್ತದೆ ಅಪ್ಪ. ನಿನ್ನ ಎಂಜಿನ್ ಆದ ಹಾಗೇ. ನೀರು ತಿರುಗಿಸಿದ್ರೆ ತಣ್ಣಗಿರ್ತದೆ."

ಎಂಜಿನ್ ಎಂದದ್ದೇ ತಡ, ಕುರ್ಚಿ ಎಳೆದುಕೊಂಡು ಕೂತ.

ಕುಮಟೆಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು, ಇನ್ನೂ ಕಟ್ಟದ ಮನೆಗಳನ್ನು ಪರದೆಯ ಮೇಲೆ ಕಟ್ಟಿ ತೋರಿಸುವುದು ನನ್ನ ಉದ್ಯೋಗ. ಭಟ್ಕಳದಲ್ಲಿ ಮನೆ ಕಟ್ಟಿಸುವವರು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾರೆ. ಅವರಿಗೆ ಅಡಿಪಾಯ ಹಾಕುವ ಮೊದಲೇ ಬಾಗಿಲು ತೆಗೆದು ಒಳಗೆ ನಡೆದಂತೆ ವಿಡಿಯೋ ಬೇಕು, ಕಿಟಕಿಯಿಂದ ಬಿಸಿಲು ಬೀಳಬೇಕು, ನೆಲದ ಮೇಲೆ ಅದರ ಹೊಳಪು ಕಾಣಬೇಕು. ಆ ಬಿಸಿಲನ್ನೆಲ್ಲ ಲೆಕ್ಕ ಹಾಕುವುದು ಗ್ರಾಫಿಕ್ಸ್ ಕಾರ್ಡು. ನನ್ನಲ್ಲಿದ್ದದ್ದು ಒಂದು, ಅದಕ್ಕೆ ಆಗಲೇ ನೀರಿನ ವ್ಯವಸ್ಥೆ ಕೊಂಡಿಟ್ಟಿದ್ದೆ. ಕೆಲಸ ಹೆಚ್ಚಿತು, ಇನ್ನೊಂದು ಬೇಕಾಯಿತು. ಭಟ್ಕಳದಲ್ಲಿ ಹೆದ್ದಾರಿ ಬದಿಗೆ ಹೊಸದಾಗಿ ಅಂಗಡಿ ತೆಗೆದ ಒಬ್ಬ ನವಾಯತಿ ಮುಸ್ಲಿಂ ಯುವಕನ ಬಳಿ ಬಳಸಿದ ಕಾರ್ಡು ಸಿಕ್ಕಿತು, ಶಾಖ ಹೀರಲು ನೀರು ಹಾಯುವ ತಾಮ್ರದ ಬ್ಲಾಕನ್ನು ತಲೆಯ ಮೇಲೆ ಕೂರಿಸಿದ್ದೇ. ತರಲು ಹೋದಾಗ ಅಪ್ಪನೂ ಬಂದಿದ್ದ. ಅವನೂ ಅಪ್ಪನೂ ಚಾ ಕುಡಿಯುತ್ತ ಪಂಪಿನ ವಿಷಯ ಮಾತಾಡಿದ್ದೇ ಮಾತಾಡಿದ್ದು. ನಾನು ಬಸ್ಸು ತಪ್ಪುತ್ತದೆ ಎಂದು ಎಬ್ಬಿಸಬೇಕಾಯಿತು.

ನಿಜ ಹೇಳುತ್ತೇನೆ, ಅಪ್ಪನನ್ನು ಈ ಕೆಲಸಕ್ಕೆ ಕರೆದದ್ದು ಅವನ ಸಹಾಯ ಬೇಕೆಂದಲ್ಲ. ಅವನ ಕಿವಿ ಮಂದವಾಗಿತ್ತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನಿಗೆ ಸದ್ದೇ ಕೇಳದಿದ್ದರೆ ಏನು ಮಾಡುವುದು? ಬೋಟಿನವರು ಕರೆಯುವುದು ಕಡಿಮೆಯಾಗಿ, ಆಮೇಲೆ ನಿಂತೇ ಹೋಯಿತು. ಒಂದು ವರ್ಷದಿಂದ ಮನೆಯ ಜಗುಲಿಯಲ್ಲಿ ಕೂತು ತುಕ್ಕು ಹಿಡಿಯದ, ನಟ್ಟು ತಿರುಗಿಸುವ ಪಾನಾಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಎರಡು ಕಾರ್ಡು ಜೋಡಿಸುವ ದಿನ ಬೆಳಿಗ್ಗೆಯೇ ಚೀಲ ಹಿಡಿದು ಬಂದ. ಪೈಪಿನ ತಿರುಪುಗಳನ್ನು ಬೆರಳಲ್ಲಿ ಸವರಿ ನೋಡಿ, "ಇದು ನಮ್ಮ ಕಾಲಿಂಚಿನ ಥ್ರೆಡ್ಡೇ ಅಲ್ದಾ! ಇಷ್ಟಕ್ಕೆ ಪರದೇಶದಿಂದ ತರಿಸ್ಬೇಕಾ?" ಎಂದು ನನ್ನನ್ನು ತಮಾಷೆ ಮಾಡಿದ. ಅದು ನಿಜವೂ ಆಗಿತ್ತು. ಬೋಟಿನ ತಂಪು ನೀರಿನ ಕೊಳವೆಗೆ ಇರುವ ಅಳತೆಯೇ ಇದಕ್ಕೂ.

ಪಂಪಿನಿಂದ ಹೊರಟ ನೀರು ರೇಡಿಯೇಟರಿನಲ್ಲಿ ತಣಿದು, ಒಂದು ಕಾರ್ಡಿನೊಳಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ ಮರಳುತ್ತದೆ ಎಂದು ವಿವರಿಸಿದೆ.

"ಹಂಗಾರೆ ಎರಡನೇದಕ್ಕೆ ಎಂಜಲು ನೀರು," ಎಂದ.

"ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ ಅಪ್ಪ."

"ಆಗಲಿ. ಭಟ್ಕಳದ್ದಕ್ಕೆ ಮೊದ್ಲು ಕೊಡು. ಹೊರಗಿಂದ ಬಂದದ್ದು ಅದು. ಮನೇದು ಆಮೇಲೆ ಕುಡೀಲಿ."

ಯಾವುದು ಮೊದಲಾದರೂ ಒಂದೇ. ನಗುತ್ತ ಅವನು ಹೇಳಿದ ಹಾಗೇ ಮಾಡಿದೆ. ನೆಂಟರಿಗೆ ಬಡಿಸದೆ ಮನೆಯವರು ಎಲೆ ಹಾಕಿಕೊಳ್ಳುವುದಿಲ್ಲವಲ್ಲ.

ರೇಡಿಯೇಟರಿನಲ್ಲಿ ಬಳಸದ ಒಂದು ತೂತು ಉಳಿಯಿತು. ಅದಕ್ಕೆ ಹಾಕುವ ಬಿರಡೆಯ ರಬ್ಬರು ಹರಿದಿತ್ತು. "ನಾ ಮಾಡ್ಕಂಡು ಬತ್ತೆ," ಎಂದು ಹೋದವನು ಮರುದಿನ ಪೇಪರಿನಲ್ಲಿ ಸುತ್ತಿದ ಹಿತ್ತಾಳೆ ಬಿರಡೆ ತಂದ. ನನ್ನ ಕೈಗೂ ಕೊಡದೆ ತಾನೇ ತಿರುಗಿಸಿ ಬಿಗಿ ಮಾಡಿದ. ಹನಿ ನೀರು ಸೋರಲಿಲ್ಲ. ಹೊಳೆಯುವ ಆ ತಲೆಯ ಮೇಲೆ ಬಟ್ಟೆ ಆಡಿಸಿ, ಅಮ್ಮನಿಗೆ ಫೋನು ಮಾಡಿ ಜೋರಾಗಿ ಹೇಳಿಕೊಂಡ. ಅಷ್ಟು ಖುಷಿಯಾಗಿ ಅವನನ್ನು ನೋಡಿ ಬಹಳ ಕಾಲವಾಗಿತ್ತು.

ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಹೊನ್ನಾವರದ ಒಂದು ಮನೆಯ ವಿಡಿಯೋ ಅರ್ಧವಾಗಿದ್ದಾಗ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿ ಶಾಖ ನೋಡಿದೆ. ನನ್ನ ಹಳೆಯ ಕಾರ್ಡು ತಣ್ಣಗಿತ್ತು. ಭಟ್ಕಳದ್ದು ತೊಂಬತ್ತು ಡಿಗ್ರಿ ದಾಟಿತು, ನೋಡುತ್ತಿದ್ದಂತೆ ಪರದೆ ಮತ್ತೆ ಕಪ್ಪಾಯಿತು. ಆ ಅಂಗಡಿಯವನು ಸುಟ್ಟ ಮಾಲು ದಾಟಿಸಿದ್ದಾನೆ ಎಂದು ನನ್ನ ತಲೆಗೆ ಹೊಕ್ಕಿತು, ಹೊಕ್ಕದ್ದು ಹೊರಗೆ ಬರಲಿಲ್ಲ. ಸಿಟ್ಟು ಬಂದರೆ ನಾನು ಕಾಯುವವಳಲ್ಲ.

ಭಟ್ಕಳ, ಹೊನ್ನಾವರ, ಕುಮಟೆಯ ಫೋಟೋದವರು, ಮದುವೆ ವಿಡಿಯೋದವರು, ನನ್ನಂಥವರು ಎಲ್ಲ ಸೇರಿ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಅಂಗಡಿಯ ಗುರುತು ಹೇಳಿ ಬರೆದೆ: ಇವನ ಹತ್ತಿರ ಏನೂ ಕೊಳ್ಳಬೇಡಿ, ಮೋಸಗಾರ. ಅವನು ಒಂದೇ ಉತ್ತರ ಬರೆದ: "ಮೇಡಂ, ಒಂದ್ಸಲ ಬ್ಲಾಕ್ ಬಿಚ್ಚಿ ನೋಡಿ. ಆಮೇಲೆ ಬೇಕಾದಷ್ಟು ಬಯ್ಯಿರಿ." ನಾನು ಅವನ ನಂಬರನ್ನೇ ಬ್ಲಾಕ್ ಮಾಡಿದೆ. ಹೊನ್ನಾವರದ ಸ್ಟುಡಿಯೋದವರೊಬ್ಬರು ಅವನಿಗೆ ಕೊಟ್ಟಿದ್ದ ಆರ್ಡರ್ ರದ್ದು ಮಾಡಿದೆ ಎಂದು ನನಗೆ ಧನ್ಯವಾದ ಹೇಳಿದರು. ಇನ್ನಿಬ್ಬರು ತೆಗೆದುಕೊಂಡದ್ದನ್ನು ವಾಪಸು ಒಯ್ದು ಕೊಟ್ಟರಂತೆ. ಮನೆಗೆ ಹೋದಾಗ ಅಪ್ಪನ ಎದುರಲ್ಲೂ ಅವನಿಗೆ ಬಾಯಿಗೆ ಬಂದಂತೆ ಬಯ್ದೆ. "ಒಳ್ಳೇ ಮನುಷ್ಯನ ಹಾಂಗೆ ಕಂಡಿದ್ದ," ಎಂದು ಅಪ್ಪ ಬೇಜಾರಾದ.

ಎರಡು ವಾರ ಕಳೆದ ಮೇಲೆ, ಕಾರ್ಡನ್ನು ಬೇರೆಲ್ಲಾದರೂ ರಿಪೇರಿಗೆ ಕಳಿಸೋಣ ಎಂದು ಬ್ಲಾಕು ಬಿಚ್ಚಿದೆ. ಒಳಗೆ ಕೂದಲೆಳೆಯಷ್ಟು ಸಪೂರ ತಾಮ್ರದ ಗೆರೆಗಳಿರುತ್ತವೆ, ಅವುಗಳ ನಡುವೆ ನೀರು ಓಡಬೇಕು. ಒಂದು ಗೆರೆಯೂ ಕಾಣಲಿಲ್ಲ. ಬಿಳಿ ಲೋಳೆ, ಸುಣ್ಣ ಕಲಸಿ ಮೆತ್ತಿದ ಹಾಗೆ. ನೀರು ಗೆರೆಗಳನ್ನು ಬಿಟ್ಟು ಅಂಚಿನ ಸಂದಿಯಿಂದ ಮುಂದಿನ ಕಾರ್ಡಿಗೆ ದಾಟುತ್ತಿತ್ತು. ನನ್ನ ಹಳೆಯ ಕಾರ್ಡನ್ನೂ ಬಿಚ್ಚಿದೆ. ಅದು ಹೆಚ್ಚುಕಡಿಮೆ ಚೊಕ್ಕವಾಗಿತ್ತು. ನೀರು ಮೊದಲು ಮುಟ್ಟುವ ಕಾರ್ಡು ಭಟ್ಕಳದ್ದು. ಕೊಳೆಯನ್ನೆಲ್ಲ ತಾನೇ ತಡೆದು ನನ್ನದನ್ನು ಉಳಿಸಿತ್ತು. ಹಾಗಾದರೆ ಕೊಳೆ ಬಂದದ್ದು ಅದಕ್ಕಿಂತ ಹಿಂದಿನಿಂದ. ಹಿಂದೆ ಇದ್ದದ್ದು ರೇಡಿಯೇಟರು.

ಹಿತ್ತಾಳೆ ಬಿರಡೆ ತಿರುಗಿಸಿ ಹೊರಗೆಳೆದೆ. ಅದರ ಒಳತುದಿಯಲ್ಲಿ ಸವೆದು ಬೆಂಕಿಕಡ್ಡಿಯಷ್ಟಾದ ಬೂದು ಲೋಹದ ಚೂರು ಅಂಟಿಕೊಂಡಿತ್ತು.

ಬಂದರಿನ ಮನೆಯಲ್ಲಿ ಹುಟ್ಟಿದ ನನಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಸತು. ಉಪ್ಪುನೀರು ಎಂಜಿನ್ನಿನ ತಾಮ್ರವನ್ನು, ಕಬ್ಬಿಣವನ್ನು ತಿನ್ನಬಾರದೆಂದು ಬೋಟಿನವರು ನೀರಿನ ದಾರಿಯಲ್ಲಿ ಸತುವಿನ ಕಡ್ಡಿ ಇಡುತ್ತಾರೆ. ನೀರು ಅದನ್ನು ತಿಂದು ಎಂಜಿನ್ನನ್ನು ಬಿಡುತ್ತದೆ. ಕರಗಿದ್ದು ನೀರಿನ ಜೊತೆ ಸಮುದ್ರಕ್ಕೆ ಹೋಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಸಮುದ್ರವೆಲ್ಲಿದೆ? ಅದೇ ಒಂದು ಲೀಟರು ನೀರು ಸುತ್ತುತ್ತಲೇ ಇರುತ್ತದೆ. ಕರಗಿದ್ದೆಲ್ಲ ಹೋಗಿ ಕೂತದ್ದು ಆ ಗೆರೆಗಳಲ್ಲಿ. ಮಗಳ ಯಂತ್ರ ಬಹುಕಾಲ ಬಾಳಲಿ ಎಂದು ಅಪ್ಪ ತನಗೆ ಗೊತ್ತಿದ್ದ ಅತ್ಯುತ್ತಮ ಉಪಾಯವನ್ನು, ನನಗೂ ಹೇಳದೆ, ಒಳಗಿಟ್ಟಿದ್ದ.

ಅವತ್ತೇ ಗುಂಪಿನಲ್ಲಿ ತಪ್ಪೊಪ್ಪಿಗೆ ಬರೆಯಬೇಕಿತ್ತು. ಬರೆಯಲಿಲ್ಲ. ಅಪ್ಪನಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಬರೆದರೆ ವಿಷಯ ತದಡಿಗೆ ಮುಟ್ಟುತ್ತದೆ, ಬಂದರಿನಲ್ಲಿ ನಗುತ್ತಾರೆ, ಅವನು ಮತ್ತೆ ಪಾನಾ ಮುಟ್ಟುವುದಿಲ್ಲ ಎಂದೆಲ್ಲ. ಅದರಲ್ಲಿ ಅರ್ಧ ನಿಜ. ಇನ್ನರ್ಧ ನನ್ನ ಮರ್ಯಾದೆಯ ಪ್ರಶ್ನೆ. ಮೂರು ತಾಲೂಕಿನವರ ಎದುರು ನಾನು ದುಡುಕಿದೆ ಎಂದು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಿಂದ ಎರಡೂ ಬ್ಲಾಕು ತೊಳೆದೆ, ಬೇರೆ ಬಿರಡೆ ಹಾಕಿದೆ, ಹೊಸ ನೀರು ತುಂಬಿದೆ. ಭಟ್ಕಳದ ಕಾರ್ಡು ಮೊದಲ ದಿನದಷ್ಟೇ ಚೆನ್ನಾಗಿ ಓಡಿತು. ನಾನು ಅದರಲ್ಲಿ ಕೆಲಸ ಮಾಡಿದೆ. ಅಲ್ಲಿ ಅವನ ಅಂಗಡಿಗೆ ಜನ ಹೋಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಮಾಡಿದೆ.

ಏಳನೆಯ ದಿನ ಭಾನುವಾರ. ಅಪ್ಪ ಬಂಗಡೆ ಮೀನು ಹಿಡಿದುಕೊಂಡು ಬಂದ. ಚೀಲ ಇಡುವ ಮೊದಲೇ ಕಂಪ್ಯೂಟರಿನ ಕಡೆ ಕಣ್ಣು ಹೋಯಿತು.

"ನನ್ ಬಿರಡೆ ಎಲ್ಲೋತು?"

"ಸೋರ್ತಿತ್ತು. ತೆಗೆದೆ."

"ನನ್ ಬಿರಡೆ ಸೋರೂಕೆ ಇಲ್ಲ," ಎಂದ. ಬಗ್ಗಿ ಹೊಸ ಬಿರಡೆಯನ್ನು ನೋಡಿ, "ಒಳಗೆ ಬೆಳ್ಳಗಾಗಿತ್ತಾ?" ಎಂದು ಕೇಳಿದ.

"ಎಂತ ಬೆಳ್ಳಗೆ? ಎಂತದೂ ಇಲ್ಲ," ಎಂದು ನಾನು ಥಟ್ಟನೆ ಅಂದೆ. ಅಷ್ಟು ಬೇಗ ಹೇಳಬಾರದಿತ್ತು. ಅವನು ಮತ್ತೇನೂ ಕೇಳದೆ ಊಟ ಮಾಡಿ ಹೋದ.

ಮರುದಿನ ಹತ್ತೂವರೆಗೆ ಫೋನು ಬಂತು. ಪರದೆಯ ಮೇಲೆ ಅಪ್ಪ ಎಂದಿತ್ತು. ಎತ್ತಿದರೆ ದನಿ ಅಪ್ಪನದಲ್ಲ.

"ಮೇಡಂ, ಗಾಬರಿ ಆಗ್ಬೇಡಿ. ಚಾಚಾ ಚೆನ್ನಾಗಿದ್ದಾರೆ. ಭಟ್ಕಳದಲ್ಲಿ, ನಮ್ಮ ಅಂಗಡಿಯಲ್ಲಿದ್ದಾರೆ. ನಿಮ್ಮ ನಂಬರಿಗೆ ನನ್ನ ಫೋನ್ ಹೋಗೂದಿಲ್ಲ ಅಲ್ವಾ, ಅದಕ್ಕೆ ಅವರದ್ರಲ್ಲೇ ಮಾಡಿದೆ."

ಕುಮಟೆಯಾಚೆಗೆ ಎಂದೂ ಒಬ್ಬನೇ ಹೋಗದಿದ್ದ ಮನುಷ್ಯ, ಕಿವಿ ಕೇಳದವನು, ಎರಡು ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದ್ದ.

ಅಂಗಡಿಯವನು ನಡೆದದ್ದು ಹೇಳುತ್ತ ಹೋದ. ಅಪ್ಪ ಬಂದವನೇ ಅಂಗಡಿಯ ನಡುವೆ ನಿಂತು, ತನಗೆ ಕೇಳದ್ದರಿಂದ ದೊಡ್ಡ ದನಿಯಲ್ಲಿ, ಅಕ್ಕಪಕ್ಕದ ಅಂಗಡಿಯವರೂ ಹೊರಗೆ ಬರುವ ಹಾಗೆ ಹೇಳಿದನಂತೆ: ನಿನ್ನ ಮಾಲು ಚೊಕ್ಕ ಇತ್ತು, ಹಾಳು ಮಾಡಿದ್ದು ನಾನು, ಸತು ಇಟ್ಟಿದ್ದೆ. ಕೂರು ಎಂದರೆ ಕೂರಲಿಲ್ಲ. ನೀನು ಒಂದು ಸಲ ಬಯ್ಯುವವರೆಗೆ ಚಾ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾನಂತೆ.

"ನಂಗೆ ಬಯ್ಯೋಕೆ ಬರೂದಿಲ್ಲ ಮೇಡಂ, ನಮ್ಮ ತಂದೆ ವಯಸ್ಸಿನವರು," ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಇನ್ನೊಂದು ಹೇಳಿದ್ರು. ಮಗಳ ಮೇಲೆ ಸಿಟ್ಟು ಇಟ್ಕೊಬೇಡ, ಅವಳಿಗೆ ಇದು ಇನ್ನೂ ಗೊತ್ತೇ ಇಲ್ಲ ಅಂದ್ರು. ನಿಮಗೆ ಗೊತ್ತಾಗ್ಲಿ ಅಂತ ಫೋನ್ ಮಾಡಿದ್ದು. ನೀವು ಆ ಗುಂಪಿನಲ್ಲಿ ಎರಡು ಸಾಲು ಬರೆದ್ರೆ ನಂಗೆ ಸಾಕು."

ಹೌದಾ, ಅಯ್ಯೋ, ನನಗೆ ಗೊತ್ತೇ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಅಪ್ಪ ನನಗಾಗಿ ಆ ದಾರಿಯನ್ನು ಬಿಟ್ಟಿಟ್ಟೇ ಅಲ್ಲಿಗೆ ಹೋಗಿದ್ದ.

"ನನಗೆ ಗೊತ್ತಿತ್ತು," ಎಂದೆ. "ಎಂಟು ದಿನ ಆತು."

ಹೆದ್ದಾರಿಯಲ್ಲಿ ಲಾರಿ ಹೋದದ್ದು ಕೇಳಿತು. ಅಪ್ಪ ದೂರದಿಂದ ಕೂಗಿ ಕೇಳುತ್ತಿದ್ದ, "ಎಂತ? ಎಂತ ಹೇಳಿದ್ಳು?"

"ಎಂತ ಇಲ್ಲ ಚಾಚಾ," ಎಂದು ಅವನು ಅಪ್ಪನಿಗೆ ಕೇಳುವಷ್ಟು ಜೋರಾಗಿ ಹೇಳಿದ. "ಮಗಳಿಗೆ ಈಗ ಗೊತ್ತಾಯ್ತು."