ಕರಿ ಮಾಳಿಗಿ

ಯಳವಿ ಊರಾಗ ನಮ್ಮ ಮನಿ ಮಾಳಿಗಿ ಮ್ಯಾಲ ನನ್ನ ದುರ್ಬೀನು ಐತಿ. ಸೂರ್ಯನ ಸುತ್ತ ತಿರುಗೋ ಕಲ್ಲುಗಳ, ಅಂದ್ರ ಕ್ಷುದ್ರಗ್ರಹಗಳ ಬೆಳಕು ಅಳತಿ ಮಾಡೂದು ನನ್ನ ಹುಚ್ಚು. ಆದ್ರ ಕಲ್ಲಿನ ಗಾತ್ರ ತಿಳಿಯಾಕ ಬೆಳಕೊಂದ ನಂಬಿದ್ರ ಮೋಸ ಹೋಗ್ತೀವಿ. ಸಣ್ಣ ಬಿಳಿ ಕಲ್ಲು, ದೊಡ್ಡ ಕರಿ ಕಲ್ಲು ದೂರದಿಂದ ಒಂದ ನಮೂನಿ ಕಾಣತಾವ. ಕಲ್ಲು ಎಷ್ಟು ಕಾದೈತಿ ಅನ್ನೂದೂ ಗೊತ್ತಿರಬೇಕು. ಬಿಳೇದು ಬಿಸಿಲನ್ನ ವಾಪಸ್ ಒಗಿತೈತಿ, ಕರೇದು ನುಂಗಿ ಕಾಯತೈತಿ. ಸಾಲ್ಯಾಗ ಮಕ್ಕಳಿಗೆ ಇದನ್ನ ಕಲಿಸಾಂವ ನಾನ.

ಬ್ಯಾಸಿಗಿ ಬಂತಂದ್ರ ನಮ್ಮಲ್ಲಿ ಮಾಳಿಗಿಗೆ ಸುಣ್ಣ ಬಳಿಯೂ ರೂಢಿ. ಓಣಿ ದೀಪದ ಬೆಳಕು ಆ ಸುಣ್ಣದ ಮ್ಯಾಲ ಬಿದ್ದು ದುರ್ಬೀನಿಗೆ ಹೊಡಿತೈತಿ ಅಂತ ಒಮ್ಮೆ ಊಟಕ್ಕ ಕುಂತಾಗ ಸಿಟ್ಟಿಲೆ ಗೊಣಗಿದ್ದೆ. ಮುಂದ ಒಂದಿನ ಸಾಲಿಂದ ಬರೂದರಾಗ ವೈನಿ, ನಮ್ಮಣ್ಣನ ಹೆಂಡತಿ, ಮಾಳಿಗಿಗೆ ಕರಿ ಬಣ್ಣ ಹೊಡಿಸಿಬಿಟ್ಟಿದ್ದರು. ಅವತ್ತಿನಿಂದ ಕಲ್ಲುಗಳು ಖರೇನ ಭಾಳ ಚಲೋ ಕಂಡವು.

ಅದೇ ಮಾಳಿಗಿ ಕೆಳಗ ವೈನಿಯವರ ಹೊಲಿಗಿ ಕೋಣಿ. ಮಷೀನಿನ ಸಪ್ಪಳ ಕಡಿಮಿ ಆತು, ಆಮ್ಯಾಲ ನಿಂತ ಹೋತು. ಅವರ ಕಣ್ಣು ಸೋತಾವೇನೋ ಅನ್ಕೊಂಡೆ. ಒಂದು ಮಧ್ಯಾಹ್ನ ಕತ್ತರಿ ಹುಡುಕಾಕ ಒಳಗ ಹೋದ್ರ, ಒಲಿ ಮುಂದ ನಿಂತಂಗ ಝಳ ಮುಖಕ್ಕ ಹೊಡೀತು. ಮಷೀನಿನ ಜಾಗ ಖಾಲಿ ಇತ್ತು. ಎಂಥಾ ಶಾಣ್ಯಾ ನಾನು!

"ವೈನಿ, ನಾಳೇನ ಮತ್ತ ಸುಣ್ಣ ಹಚ್ಚಸ್ತೀನ್ರಿ" ಅಂದೆ.

"ಇರಲಿ ಬಿಡ್ರಿ" ಅಂದ್ರು. "ಮಷೀನ ಬೆಳುಂಕಿ ಊರಾಗಿನ ನನ್ನ ತಂಗಿಗೆ ಕೊಟ್ಟಬಿಟ್ಟೀನಿ. ನಿಮ್ಮ ಕಲ್ಲಾದ್ರೂ ಚಲೋ ಕಾಣಲಿ."