ಅಕ್ಕಡಿ ಸಾಲಿನ ಅವರೆ

ಇವತ್ತು ಗುಬ್ಬಿಯ ಗೊಬ್ಬರದಂಗಡಿ ಮುಂದೆ ಕಳೆ ಔಷಧಿಯ ಘಾಟು ಮೂಗಿಗೆ ಬಡಿಯಿತು. ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪ ಇಂಥದೇ ಔಷಧಿಯ ಕ್ಯಾನು ಬೆನ್ನಿಗೇರಿಸಿಕೊಂಡು ನಮ್ಮ ರಾಗಿ ಹೊಲಕ್ಕೆ ಬಂದಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಸಾಯದಂತೆ ಅವ್ವ ಅಡ್ಡ ನಿಂತಳು.

“ಪಕ್ಕಕ್ಕೆ ಬನ್ನಿ ಅತ್ಗೆ. ಕಳೆಯೆಲ್ಲ ಸುಟ್ಟೋಯ್ತದೆ.”

“ಕಳೆ ಯಾವ್ದು, ಅವರೆ ಯಾವ್ದು ಅಂತ ನಿನ್ ಔಸ್ದಿಗೆ ಗೊತ್ತಾಯ್ತದೇನಪ್ಪಾ? ಗಾಳಿ ಬೇರೆ ಬೀಸ್ತಾ ಐತೆ. ಮೊದ್ಲು ನನ್ ಮೇಲೆ ಹೊಡಿ, ಆಮೇಲೆ ಹೊಲಕ್ಕೆ ಹೊಡಿಯೋವಂತೆ.”

ಚಿಕ್ಕಪ್ಪ ಕ್ಯಾನು ಇಳಿಸಿದರು. ಅವ್ವ ಅವರನ್ನೂ ಕಳೆ ಕೀಳಲು ಕೂರಿಸಿದಳು.

ಅವ್ವ ತೀರಿಹೋದ ಮೇಲೆ ಇದು ಮೊದಲ ರಾಗಿ ಬೆಳೆ. ಈ ಸಲವೂ ಅವರೆ ಬಿತ್ತಿದ್ದೇನೆ. ಕಳೆಗೆ ಆಳು ಸಿಗುತ್ತಿಲ್ಲ, ಔಷಧಿ ಬೇಡವೆಂದದ್ದಕ್ಕೆ ಊರವರು ನಗುತ್ತಿದ್ದಾರೆ. ನಗಲಿ. ನಾಳೆ ಬೆಳಗ್ಗೆ ನಾನೇ ಕಳೆ ಕೀಳಲು ಕೂರುತ್ತೇನೆ.