ಬೋರಲು ಮಲಗುವವಳ ಅಳತೆ

ಹಾಸಿಗೆ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ನಿಂತಿರುವ ಹೆಂಗಸಿನ ಕಥೆ ಹೇಳುತ್ತೇನೆ. ನಿಂತಿರುವ ಎಂದೇ ಹೇಳಬೇಕು, ಸುತ್ತ ನಲವತ್ತು ಹಾಸಿಗೆ ಹರಡಿದ್ದರೂ ಅವಳಿಗೆ ಕೂರಲು ಕೊಟ್ಟಿರುವುದು ಬೆನ್ನಿಲ್ಲದ ಒಂದು ಸ್ಟೂಲು. ಬೀದಿಯವರಿಗೆಲ್ಲ ಅವಳು ಹಾಸಿಗೆಯಕ್ಕ. ಗಿರಾಕಿಗಳ ಬುದ್ಧಿಯ ಬಗ್ಗೆ ಹಾಸಿಗೆಯಕ್ಕನಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬರುತ್ತಾರೆ, ಮುಷ್ಟಿ ಕಟ್ಟಿ ಹಾಸಿಗೆಗೆ ಎರಡು ಗುದ್ದು ಗುದ್ದುತ್ತಾರೆ, ಏನೋ ಮಹಾ ಕಂಡುಹಿಡಿದವರಂತೆ ತಲೆಯಾಡಿಸುತ್ತಾರೆ.

"ಮನೇಲಿ ಮುಷ್ಟಿ ಮೇಲೆ ಮಲಗ್ತೀರಾ ಸ್ವಾಮಿ? ಚಪ್ಪಲಿ ಬಿಟ್ಟು ಹತ್ತು ನಿಮಿಷ ಮಲಗಿ ನೋಡಿ," ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾಳೆ.

ಊರಿಗೆಲ್ಲ ನಿದ್ದೆ ಮಾರುವ ಇವಳು ಹನ್ನೆರಡು ವರ್ಷದಿಂದ ನೆಟ್ಟಗೆ ಮಲಗಿಲ್ಲ. ಹುಟ್ಟಿದಾಗಿನಿಂದ ಬೋರಲು ಮಲಗಿ ಅಭ್ಯಾಸ. ಎರಡನೆಯ ಮಗು ಹಾಲು ಬಿಟ್ಟ ಮೇಲೆ ಅತ್ತಿಗೆಯ ಎದೆ ಗಾಳಿ ಹೋದ ಬಲೂನಿನಂತಾಯಿತೆಂದು ನಾದಿನಿ ಕೊರಗಿದಳು. ಎದೆ ಅತ್ತಿಗೆಯದು, ಕೊರಗು ನಾದಿನಿಯದು, ಗಮನಿಸಿ. ಅವಳೇ ಮುಂದೆ ನಿಂತು ಎರಡೂ ಕಡೆ ಮುನ್ನೂರೈವತ್ತು ಮಿಲಿಯ ಸಿಲಿಕೋನ್ ಚೀಲ ಇಡಿಸಿದಳು. ಬೇಡ ಎನ್ನಲು ಹಾಸಿಗೆಯಕ್ಕನಿಗೆ ಬಾಯಿರಲಿಲ್ಲವೇ? ಇತ್ತು. ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ ಹಿಗ್ಗಿದವಳೂ ಅವಳೇ. ಆ ಹಿಗ್ಗು ಎಂಟು ದಿನ ಬಾಳಿತು. ಆಮೇಲೆ ಬೋರಲಾದರೆ ಸಾಕು, ಎದೆಯಡಿ ಎರಡು ಕಲ್ಲಂಗಡಿ ಇಟ್ಟಂತೆ ಕತ್ತು ಮೇಲಕ್ಕೆ, ಸೊಂಟ ಕೆಳಕ್ಕೆ. ಅಂಗಾತ ಬಿದ್ದು ಚಾವಣಿಯ ಬಿರುಕು ನೋಡುವುದೇ ಅವಳ ಪಾಲಿಗೆ ಬಂತು.

ಈ ವರ್ಷ ಎಡಗಡೆಯದು ಗಟ್ಟಿಯಾಗಿ ನೋಯತೊಡಗಿತು. ಡಾಕ್ಟರಮ್ಮ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ ಹೇಳಿದರು: "ಚೀಲದ ಸುತ್ತ ಮೈ ಕಟ್ಟಿಕೊಂಡಿರೋ ಪೊರೆ ಬಿಗಿದುಕೊಂಡಿದೆ. ಎರಡನ್ನೂ ತೆಗೆಯೋಣ. ತೆಗೆದು ಹಾಗೇ ಬಿಡಬಹುದು, ಹೊಸದು ಇಡಲೂಬಹುದು. ಇಡೋದಾದ್ರೆ ಎಷ್ಟು ಅಂತ ಯೋಚಿಸಿ ಬನ್ನಿ."

ಪೂರ್ತಿ ಬಿಟ್ಟುಬಿಡುವಷ್ಟು ಸನ್ಯಾಸಿನಿಯಲ್ಲ ಹಾಸಿಗೆಯಕ್ಕ. ಸ್ವಲ್ಪ ಇರಲಿ, ಆದರೆ ಬೋರಲು ಮಲಗಲು ಬಿಡಲಿ. ಆ ಸ್ವಲ್ಪ ಎಂದರೆ ಎಷ್ಟು? ಈ ಸಲವೂ ತಪ್ಪಿದರೆ ಮತ್ತೆ ವರ್ಷಗಟ್ಟಲೆ ಚಾವಣಿಯೇ ಗತಿ.

ಆಸ್ಪತ್ರೆಯಲ್ಲಿ ಅಳತೆ ಆರಿಸಲು ಒಂದು ಕೋಣೆ, ಕೋಣೆಗೊಬ್ಬಳು ಸಲಹೆಗಾರ್ತಿ. ಬಾ ಎಂದು ಯಾರೂ ಕರೆಯದಿದ್ದರೂ ನಾದಿನಿ ಬಂದಳು. ಗಂಡನೂ ಬಂದ. ಅವನಿಗೆ ಕನ್ನಡಕದ ಅಂಗಡಿ. ಊರವರ ಕಣ್ಣು ಅಳೆಯುವ ಆ ಮಹಾನುಭಾವನ ಕಣ್ಣಿಗೆ ಹೆಂಡತಿಯ ಕಣ್ಣಡಿಯ ಕಪ್ಪು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ.

ತಟ್ಟೆಯಲ್ಲಿ ಮಾದರಿ ಚೀಲಗಳು ಬಂದವು. ಗಂಡ ಹಣ್ಣು ಆರಿಸುವವನಂತೆ ಒಂದನ್ನು ಅಂಗೈಯಲ್ಲಿ ತೂಗಿದ. ನಾದಿನಿ ಇನ್ನೊಂದಕ್ಕೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟಳು. ಅಂಗಡಿಗೆ ಬರುವ ಗಿರಾಕಿಗಳು ಇಲ್ಲಿಗೂ ಬಂದರಲ್ಲ ಎನಿಸಿತು ಹಾಸಿಗೆಯಕ್ಕನಿಗೆ.

"ಇದನ್ನ ಬ್ರಾ ಒಳಗಿಟ್ಕೊಂಡು ಕನ್ನಡಿ ನೋಡಿ ಮೇಡಂ," ಎಂದಳು ಸಲಹೆಗಾರ್ತಿ.

"ಒಳಗೆ ಆಗಲೇ ಮುನ್ನೂರೈವತ್ತಿದೆಯಲ್ಲಮ್ಮ. ಅದರ ಮೇಲೆ ಏನಿಟ್ರೂ ದೊಡ್ಡದೇ ಆಗೋದು. ಚಿಕ್ಕದಾದ್ರೆ ಹೇಗಿರುತ್ತೆ ಅಂತ ನೋಡೋದು ಹೇಗೆ?"

"ಚಿಕ್ಕದು ಯಾರೂ ಕೇಳಲ್ಲ ಮೇಡಂ."

"ನಾನು ಕೇಳ್ತಿದ್ದೀನಲ್ಲ, ನಾನು ಯಾರೂ ಅಲ್ವಾ?"

"ಅತ್ತಿಗೆ, ಹೇಗೂ ಕತ್ತರಿ ಹಾಕಿಸ್ಕೋತಿದ್ದೀರ," ಎಂದಳು ನಾದಿನಿ. "ಐವತ್ತು ಜಾಸ್ತೀನೇ ಇರ್ಲಿ."

"ನೀನೇ ಇಡಿಸ್ಕೋ ತಾಯಿ. ನನ್ನ ಪಾಲಿನ ಐವತ್ತೂ ನಿನಗೇ."

ಗಂಡ ಗಂಟಲು ಸರಿಮಾಡಿಕೊಂಡ. "ನಾನೂರು ಚೆನ್ನಾಗಿರುತ್ತೆ ಕಣೇ. ನನಗೋಸ್ಕರ ಹೇಳ್ತಿಲ್ಲ."

"ಮತ್ತೆ ಪಕ್ಕದ ಮನೆಯವರಿಗೋಸ್ಕರ ಹೇಳ್ತಿದ್ದೀರೇನ್ರೀ?"

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ಕೊರೆಯಿತು. ಎದೆಗೆ ಕೂಡಿಸಿ ನೋಡಲು ಎಲ್ಲರಿಗೂ ಬರುತ್ತದೆ, ಕಳೆದು ನೋಡಲು ಒಬ್ಬರಿಗೂ ಬಾರದು. ಸರಿ, ಎದೆಯಿಂದ ಕಳೆಯಲಾಗದಿದ್ದರೆ ಹಾಸಿಗೆಯಿಂದ ಕಳೆಯಬಹುದಲ್ಲ.

ಮರುದಿನ ಯಜಮಾನ ಬರುವುದಕ್ಕೆ ಒಂದೂವರೆ ಗಂಟೆ ಮೊದಲೇ ಅಂಗಡಿಗೆ ಹೋದಳು. ಗಿರಾಕಿಯೊಬ್ಬರು ವಾಪಸು ತಂದಿದ್ದ ಗಟ್ಟಿ ಫೋಮಿನ ಹಾಸಿಗೆಯನ್ನು ನೆಲಕ್ಕೆಳೆದು, ಬೋರಲು ಮಲಗಿ, ಎದೆ ತಾಗುವಲ್ಲಿ ಚಾಕ್‌ಪೀಸಿನಿಂದ ಎರಡು ಸುತ್ತು ಗೀಚಿದಳು. ಫೋಮ್ ಕತ್ತರಿಸುವ ಉದ್ದ ಚಾಕುವಿನಿಂದ ಅಲ್ಲಿ ಎರಡು ಕುಳಿ ತೋಡಿ ಮಲಗಿದಳು. ಕತ್ತು ಇನ್ನೂ ಎತ್ತರವೇ. ಎದ್ದು ಇನ್ನಷ್ಟು ತೋಡಿದಳು. ಎಡಗಡೆಯದು ಇನ್ನೂ ಒತ್ತುತ್ತಿತ್ತು. ಮೂರನೆಯ ಸಲ ಕುಳಿಗಳೊಳಗೆ ಎದೆ ಇಳಿದು, ಕೆನ್ನೆ ಹಾಸಿಗೆಗೆ ತಾಗಿತು. ಹತ್ತು ನಿಮಿಷ ನೋಡೋಣ ಎಂದುಕೊಂಡಳು.

ಕಣ್ಣು ಬಿಟ್ಟಾಗ ಶಟರ್ ಪೂರ್ತಿ ಮೇಲಿತ್ತು. ಯಜಮಾನ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ, ಪಕ್ಕದಲ್ಲಿ ಗಂಡಹೆಂಡತಿ ಗಿರಾಕಿಗಳಿಬ್ಬರು.

"ಏನಮ್ಮ ಇದು ಅವತಾರ?"

"ಅಳತೆ ನೋಡ್ತಿದ್ದೆ ಯಜಮಾನ್ರೇ."

"ಗೊರಕೆ ಹೊಡೆದು ನೋಡೋ ಅಳತೆ ಯಾವುದಮ್ಮ?"

ಗಿರಾಕಿ ಹೆಂಗಸು ಬಗ್ಗಿ ನೋಡಿದಳು. "ಇಷ್ಟು ನಿದ್ದೆ ಬರಿಸುತ್ತಲ್ಲ, ನಮಗೆ ಇದನ್ನೇ ಕೊಡಿ."

"ಇದು ನಿಮಗಾಗಲ್ಲ ತಾಯಿ," ಎಂದು ಹಾಸಿಗೆಯಕ್ಕ ಕುಳಿಗಳ ಮೇಲೆ ಚಾದರ ಎಳೆದಳು.

ಅವರು ಹೋದ ಮೇಲೆ ದಿಂಬಿಗೆ ತುಂಬುವ ಥರ್ಮೋಕೋಲ್ ಮಣಿಯನ್ನು ಒಂದು ಕುಳಿಯ ಅಂಚಿನವರೆಗೂ ಸುರಿದು, ಅದನ್ನೇ ತೆಗೆದು ಅಳತೆ ಜಗ್ಗಿಗೆ ಹಾಕಿದಳು. ನೂರ ತೊಂಬತ್ತು ಮಿಲಿ. ಮುನ್ನೂರೈವತ್ತರಲ್ಲಿ ಅದು ಹೋದರೆ ನೂರ ಅರವತ್ತು.

ಡಾಕ್ಟರಮ್ಮ ಇದನ್ನೆಲ್ಲ ನಗದೆ ಕೇಳಿದರು. ಎದೆಯ ಅಗಲ ಅಳೆದರು. "ಫೋಮು ಮೈಯಲ್ಲ, ಇದು ಅಂದಾಜು ಅಷ್ಟೇ. ಆದ್ರೆ ಕೆಟ್ಟ ಅಂದಾಜಲ್ಲ, ಈ ಅಗಲಕ್ಕೆ ನೂರ ಅರವತ್ತು ಹೊಂದುತ್ತೆ. ಹಿಗ್ಗಿರೋ ಚರ್ಮವನ್ನ ಮಾತ್ರ ಎತ್ತಿ ಹೊಲೀಬೇಕು. ಗಾಯದ ಗುರುತು ಉದ್ದವಾಗೇ ಉಳಿಯುತ್ತೆ."

"ಗುರುತು ಉಳಿಯುತ್ತಂತಲ್ಲೇ," ಎಂದ ಗಂಡ. "ಇನ್ನೊಂದ್ಸಲ ಯೋಚಿಸು."

"ಹನ್ನೆರಡು ವರ್ಷ ಅಂಗಾತ ಬಿದ್ಕೊಂಡು ಯೋಚಿಸಿದ್ದೀನ್ರೀ. ಪೆನ್ನು ಕೊಡಿ, ಸಹಿ ಹಾಕ್ತೀನಿ."

ಆಪರೇಷನ್ ಆಗಿ ಎರಡು ತಿಂಗಳಿಗೆ, ಇನ್ನು ಹೇಗೆ ಬೇಕಾದರೂ ಮಲಗಬಹುದು ಎಂದರು ಡಾಕ್ಟರಮ್ಮ. ಅಂದು ಮಧ್ಯಾಹ್ನವೇ ನಾದಿನಿ ಹೊಸ ಅಳತೆ ಹೇಗಿದೆಯೆಂದು ನೋಡಲು ಓಡಿ ಬಂದಳು. ಕೋಣೆಯ ಬಾಗಿಲಲ್ಲಿ ಅಣ್ಣ ಬಾಯಿಗೆ ಬೆರಳಿಟ್ಟು ನಿಂತಿದ್ದ. ಸಂಜೆಯವರೆಗೆ ಕಾದರೂ ಅವಳಿಗೆ ನೋಡಲು ಸಿಕ್ಕಿದ್ದು ಅತ್ತಿಗೆಯ ಬೆನ್ನು ಮಾತ್ರ.